ಚೀನದ ಕಪಿರಾಜನೂ ನಮ್ಮ ಹಣಮಪ್ಪನೂ

ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆ ಹಣಮಪ್ಪನ ಗುಡಿಯಿಲ್ಲದ ಊರು ವಿರಳವೆಂಬುದನ್ನು ನೀವು ಬಲ್ಲಿರಿ. ಅಂಥ ಊರೊಂದರ ಹುಡುಗ ಒಂದು ದಿನ ತರಗತಿಯಲ್ಲಿ ಚಿತ್ರದ ಪುಸ್ತಕವೊಂದನ್ನು ಹಿಡಿದು, “ಸರ, ಚೀನಾದ ಈ ಮಂಗ್ಯಾ ನಮ್ಮ ಹಣಮಪ್ಪನ ತಮ್ಮ ಏನ್ರಿ?” ಎಂದು ಕೇಳಿದ. ನಾನು ಸಂಧಿಪ್ರಕರಣದಲ್ಲಿ ಮುಳುಗಿದ್ದೆ. “ಕಟ್ಟುಕಥೆ ಬಿಟ್ಟು ವ್ಯಾಕರಣ ಓದು” ಎಂದು ಗದರಿಸಿ ಕೂರಿಸಿದೆ. ಆಮೇಲೆ ಆತ ನನ್ನನ್ನು ಏನೂ ಕೇಳಲಿಲ್ಲ. ಆ ಮೌನವೇ ನನ್ನನ್ನು ಈ ಕಥೆಯ ಬೆನ್ನು ಹತ್ತಿಸಿತು.

ಆ ಪುಸ್ತಕದ ಮೂಲ, 1592ರಲ್ಲಿ ಅಚ್ಚಾದ, 100 ಅಧ್ಯಾಯಗಳ ‘ಪಶ್ಚಿಮ ಯಾತ್ರೆ’ ಎಂಬ ಚೀನೀ ಕಾದಂಬರಿ. ಕರ್ತೃ ವೂ ಚೆಂಗೆನ್ ಎಂದು ರೂಢಿಯ ಮಾತು. ಕಲ್ಲಿನಿಂದ ಹುಟ್ಟಿದ ಕಪಿರಾಜ ಸುನ್ ವುಕೋಂಗನಿಗೆ 72 ರೂಪಾಂತರಗಳ ವಿದ್ಯೆ. ಒಂದೇ ಲಾಗಕ್ಕೆ 1,08,000 ಲೀ ದೂರ ಹಾರುವ ಸಾಮರ್ಥ್ಯ. ಸ್ವರ್ಗವನ್ನೇ ಸೂರೆಗೊಳ್ಳಹೊರಟ ಈ ಗರ್ವಿಷ್ಠನಿಗೆ ಬುದ್ಧನು ತನ್ನ ಅಂಗೈ ದಾಟುವ ಪಂಥವೊಡ್ಡಿದ. ಕಪಿ ಜಗದಂಚಿಗೆ ಹಾರಿ, ಅಲ್ಲಿ ಕಂಡ ಕಂಬವೊಂದರ ಮೇಲೆ ತನ್ನ ಗುರುತು ಬರೆದು ಮರಳಿತು. ನೋಡಿದರೆ ಆ ಬರಹ ಬುದ್ಧನ ಬೆರಳ ಮೇಲೆಯೇ ಇತ್ತು! ಐದುನೂರು ವರ್ಷ ಬೆಟ್ಟದಡಿ ಬಿದ್ದಿದ್ದು, ಕೊನೆಗೆ ಭಾರತದಿಂದ ಧರ್ಮಗ್ರಂಥ ತರಹೊರಟ ಭಿಕ್ಷುವಿಗೆ ಅದು ಶಿಷ್ಯನಾಯಿತು.

ಕಪಿ ಕಲ್ಪಿತ, ಭಿಕ್ಷುವಾದರೋ ಇತಿಹಾಸಪುರುಷ. ಆತನೇ ನೀವು ಶಾಲೆಯಲ್ಲಿ ಓದಿದ ಹ್ಯೂಯೆನ್ ತ್ಸಾಂಗ್. 645ರಲ್ಲಿ 657 ಗ್ರಂಥಗಳೊಡನೆ ಸ್ವದೇಶಕ್ಕೆ ಮರಳಿದ ಆತ ಇಮ್ಮಡಿ ಪುಲಕೇಶಿಯ ನಾಡನ್ನೂ ವರ್ಣಿಸಿದ್ದಾನೆ. ಅಲ್ಲಿಯ ಜನ ಉಪಕಾರವನ್ನೂ ಮರೆಯರು, ಅಪಕಾರವನ್ನೂ ಮರೆಯರು, ಹರ್ಷನಿಗೂ ಮಣಿಯಲಿಲ್ಲ ಎಂಬುದು ಆತನ ಮಾತಿನ ಸಾರ.

ಹಾಗಾದರೆ ಹುಡುಗನ ಪ್ರಶ್ನೆ? ಚೀನದ ವಿದ್ವಾಂಸ ಹೂ ಷಿ 1923ರಲ್ಲಿ ಇದನ್ನೇ ಎತ್ತಿ, ಕಪಿರಾಜನ ಮೂಲ ಹನುಮಂತನೆಂದರು. ಸಾಹಿತಿ ಲೂ ಷುನ್ ಒಪ್ಪದೆ, ಕಪಿರೂಪದ ಚೀನೀ ಜಲದೈತ್ಯನೊಬ್ಬನತ್ತ ಬೆರಳು ತೋರಿದರು. ವಾದ ಇನ್ನೂ ತೀರಿಲ್ಲ. ಬಾಲ ಹನುಮ ಸೂರ್ಯನನ್ನು ಹಣ್ಣೆಂದು ನೆಗೆದು ಇಂದ್ರನ ಪೆಟ್ಟು ತಿಂದ. ಸುನ್ ವುಕೋಂಗ್ ಸ್ವರ್ಗದ ಹಣ್ಣು ಕದ್ದು ಬೆಟ್ಟದಡಿ ಬಿದ್ದ. ಇಬ್ಬರ ಬಲವೂ ಸಾರ್ಥಕವಾದದ್ದು ಸೇವೆಯಲ್ಲಿ.

ನಿಪ್ಪಾಣಿ, ಕಾಗವಾಡಗಳ ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ ಆರಂಭಿಸಿದ ಕಥೆಯನ್ನು ಸೊಸೆ ಮರಾಠಿಯಲ್ಲಿ ಮುಗಿಸುವುದುಂಟು. ಕಥೆ ಗಡಿ ದಾಟುವ ಬಗೆಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಮಕ್ಕಳು ಇಂಥ ಪ್ರಶ್ನೆ ತಂದರೆ ನನ್ನಂತೆ ಗದರಿಸಬೇಡಿರಿ. ಆ ಹುಡುಗನಿಗೆ ನಾನು ಕೊಡಬೇಕಿದ್ದ ಉತ್ತರ ಇಷ್ಟೇ: “ಅಣ್ಣತಮ್ಮಂದಿರೋ ಅಲ್ಲವೋ, ಪಂಡಿತರೇ ಇನ್ನೂ ಒಮ್ಮತಕ್ಕೆ ಬಂದಿಲ್ಲ ತಮ್ಮಾ. ನೀನು ಕೇಳಿದ್ದು ಮಾತ್ರ ಸರಿ.”