ಪ್ರೌಢಶಾಲೆಯ ಮನಶ್ಶಾಸ್ತ್ರ ಮತ್ತು ನಮ್ಮ ಮನೆಗಳು



ಅಮೆರಿಕದ ಪ್ರೌಢಶಾಲೆಯಲ್ಲಿ ಓದುವ ಮಕ್ಕಳು ಹನ್ನೊಂದು, ಹನ್ನೆರಡನೆಯ ತರಗತಿಗೆ ವಿಷಯಗಳನ್ನು ಆರಿಸಿಕೊಳ್ಳುವಾಗ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ತಮಗೆಲ್ಲ ಪರಿಚಿತವಾದದ್ದೇ. ಕ್ಯಾಲ್ಕುಲಸ್, ಕೆಮಿಸ್ಟ್ರಿ, ಫಿಸಿಕ್ಸ್ ಎಂದರೆ ಯಾರ ತಕರಾರೂ ಇಲ್ಲ. ಎ.ಪಿ. ಸೈಕಾಲಜಿ ಎಂದೊಡನೆ ನಮ್ಮಲ್ಲಿ ಕೆಲವರು "ಅದರಿಂದೇನು ಪ್ರಯೋಜನ?" ಎನ್ನುತ್ತೇವೆ, ಮತ್ತೆ ಕೆಲವರು "ಸುಲಭವಂತೆ, ತೆಗೆದುಕೊಳ್ಳಲಿ ಬಿಡಿ" ಎನ್ನುತ್ತೇವೆ. ಎರಡು ಮಾತುಗಳೂ ಆ ವಿಷಯಕ್ಕೆ ನ್ಯಾಯ ಸಲ್ಲಿಸುವುದಿಲ್ಲ.

ಪ್ರಯೋಜನದ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಈ ವಿಷಯದ ಎ.ಪಿ. ಪರೀಕ್ಷೆ 1992ರಿಂದ ನಡೆಯುತ್ತಿದೆ. 2024ರಲ್ಲಿ ಪಠ್ಯಕ್ರಮವನ್ನು ಪರಿಷ್ಕರಿಸಿ ಐದು ಭಾಗಗಳಾಗಿ ವಿಂಗಡಿಸಿದ್ದಾರೆ: ಮೆದುಳು ಮತ್ತು ನರಗಳು, ಗ್ರಹಿಕೆ ಮತ್ತು ನೆನಪು, ಬೆಳವಣಿಗೆ ಮತ್ತು ಕಲಿಕೆ, ವ್ಯಕ್ತಿತ್ವ ಮತ್ತು ಸಮಾಜ, ಕೊನೆಯದಾಗಿ ಆರೋಗ್ಯ. ಮಕ್ಕಳನ್ನು ವೈದ್ಯರನ್ನಾಗಿ ಮಾಡಲೇಬೇಕೆಂದು ಸಂಕಲ್ಪಿಸಿರುವವರಿಗೆ ಇನ್ನೊಂದು ಮಾತು. ವೈದ್ಯಕೀಯ ಕಾಲೇಜಿನ ಪ್ರವೇಶಕ್ಕಾಗಿ ಬರೆಯುವ ಎಂ-ಕ್ಯಾಟ್ ಪರೀಕ್ಷೆಯ ನಾಲ್ಕು ವಿಭಾಗಗಳಲ್ಲಿ ಒಂದು, 2015ರಿಂದ, ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರಗಳಿಗೇ ಮೀಸಲಾಗಿದೆ. ಇಷ್ಟು ಸಾಕು.

ನಮ್ಮ ದೃಷ್ಟಿಯಲ್ಲಿ ಹೆಚ್ಚಿನ ಲಾಭ ಬೇರೆಯದು. ಮನುಷ್ಯರ ಬಗ್ಗೆ ಯಾರಾದರೂ ಏನನ್ನಾದರೂ ಹೇಳಿದಾಗ "ಅದಕ್ಕೆ ಆಧಾರವೇನು?" ಎಂದು ಕೇಳುವುದನ್ನು ಈ ಶಾಸ್ತ್ರ ಕಲಿಸುತ್ತದೆ. ವಲಸೆ ಬಂದವರ ಕಥೆಯನ್ನೇ ನೋಡಿ. 1913ರಲ್ಲಿ ಹೆನ್ರಿ ಗಾಡ್ಡಾರ್ಡ್ ಎಂಬ ಮನಶ್ಶಾಸ್ತ್ರಜ್ಞರು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ, ಹಡಗಿನ ಕೆಳಗಿನ ದರ್ಜೆಯಲ್ಲಿ ಪ್ರಯಾಣಿಸಿ ಬಂದಿಳಿದ ಬಡವರಿಗೆ ದುಭಾಷಿಗಳ ಮೂಲಕ ಬುದ್ಧಿಪರೀಕ್ಷೆ ಮಾಡಿಸಿ, ಅವರಲ್ಲಿ ಬಹುಪಾಲು ಜನ ಮಂದಮತಿಗಳೆಂದು 1917ರಲ್ಲಿ ಪ್ರಕಟಿಸಿದರು. ಅಪರಿಚಿತ ನೆಲ, ದಣಿದ ದೇಹ, ಎದುರಿಗೆ ಅಧಿಕಾರಿ. ಅಲ್ಲಿ ಅಳತೆಗೆ ಸಿಕ್ಕಿದ್ದು ಬುದ್ಧಿಯೋ, ಭಯವೋ? ಮನೆಯಲ್ಲಿ ಬೇರೆ ಭಾಷೆ ಆಡಿದರೆ ಮಗುವಿನ ಬುದ್ಧಿ ಕುಂಠಿತವಾಗುತ್ತದೆಂಬ ನಂಬಿಕೆಯೂ ಆ ಕಾಲದ ವಿದ್ವಾಂಸರಲ್ಲಿತ್ತು. 1962ರಲ್ಲಿ ಮಾಂಟ್ರಿಯಲ್ ನಗರದ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದ ಪೀಲ್ ಮತ್ತು ಲ್ಯಾಂಬರ್ಟ್ ಎಂಬ ಸಂಶೋಧಕರು, ಫ್ರೆಂಚ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ಮಕ್ಕಳೇ ಮುಂದಿದ್ದಾರೆಂದು ತೋರಿಸಿದರು. ಕನ್ನಡ ಶಾಲೆ ನಡೆಸುವ ನಮಗೆ ಇದು ಕರ್ಣಾನಂದ. ಆದರೆ ಒಳ್ಳೆಯ ವಿದ್ಯಾರ್ಥಿ ಇಲ್ಲಿಯೂ ತಡೆದು ಕೇಳುತ್ತಾನೆ: ಎರಡು ಭಾಷೆಗಳಲ್ಲೂ ಸಮವಾಗಿ ನುರಿತವರನ್ನೇ ಆಯ್ದುಕೊಂಡಿದ್ದರಲ್ಲವೇ? ಭಾಷೆಯಿಂದ ಬುದ್ಧಿ ಹೆಚ್ಚಿತೋ, ಬುದ್ಧಿವಂತರೇ ಎರಡು ಭಾಷೆ ಕಲಿತರೋ? ನಮಗೆ ಹಿತವಾದ ತೀರ್ಮಾನವನ್ನೂ ಹೀಗೆ ಒರೆಗೆ ಹಚ್ಚಬಲ್ಲ ಹುಡುಗ ಹುಡುಗಿಯರು ಮನೆಯಲ್ಲಿದ್ದರೆ ಊಟದ ಹೊತ್ತಿನ ಮಾತುಕತೆ ಸ್ವಲ್ಪ ಕಷ್ಟವಾಗುತ್ತದೆ, ನಿಜ.

ಈ ಶಾಸ್ತ್ರ ಕನ್ನಡಿಗರಿಗೆ ಪರಕೀಯವೇನೂ ಅಲ್ಲ. 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ, ನಗಿಸಿದ್ದಷ್ಟೇ ಅಲ್ಲ. ಮನೋವೈದ್ಯವನ್ನು ಕುರಿತ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಇನ್ನು ನಾವು ಮುಖ್ಯವಾಗಿ ಹೇಳಬೇಕಾದದ್ದು. ಪಠ್ಯದ ಕೊನೆಯ ಭಾಗದಲ್ಲಿ ಖಿನ್ನತೆ, ಬೈಪೋಲಾರ್ ಕಾಯಿಲೆ, ಸ್ಕಿಜೋಫ್ರೇನಿಯಾಗಳ ವಿಚಾರ ಬರುತ್ತದೆ. ಆ ವಾರ ಮಗಳು ಮನೆಗೆ ಬಂದು, "ಅಪ್ಪಾ, ಊರಿನಲ್ಲಿ ಹಿತ್ತಲ ಕೋಣೆಯಲ್ಲಿ ಇರುತ್ತಿದ್ದ ದೊಡ್ಡಪ್ಪನಿಗೆ ಏನಾಗಿತ್ತು?" ಎಂದು ಕೇಳಬಹುದು. ನಮ್ಮ ಉತ್ತರಗಳು ಸಿದ್ಧವಾಗಿಯೇ ಇರುತ್ತವೆ: ಟೈಫಾಯ್ಡ್ ಜ್ವರ ತಲೆಗೇರಿತು, ಗಾಳಿ ಸೋಕಿತ್ತು, ಅವನ ಸ್ವಭಾವವೇ ಹಾಗೆ. ತಂಗಿಯ ಮದುವೆ ತಪ್ಪೀತೆಂಬ ಭಯದಿಂದ ಹುಟ್ಟಿದ ಈ ಉತ್ತರಗಳನ್ನು, ಆ ತಂಗಿಗೆ ಮೊಮ್ಮಕ್ಕಳಾದ ಮೇಲೂ ನಾವು ಕಾಪಾಡಿಕೊಂಡು ಬಂದಿದ್ದೇವೆ.

ವೈದ್ಯರಾದ ನಮಗೆ ಈ ಮೌನದ ಬೆಲೆ ಗೊತ್ತು. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಗೆ ಬರುವಂಥದು. ತಂದೆಗೋ ತಾಯಿಗೋ ಇದ್ದರೆ ಮಕ್ಕಳಲ್ಲಿ ಅದು ನೂರಕ್ಕೆ ಹತ್ತರ ಆಸುಪಾಸು. ಅಂದರೆ ತೊಂಬತ್ತರಷ್ಟು ಮಕ್ಕಳಿಗೆ ಬರುವುದಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಈ ಕಾಯಿಲೆಗಳು ತಲೆದೋರುವುದು ಹೆಚ್ಚಾಗಿ ಹದಿಹರೆಯದ ಕೊನೆ ಮತ್ತು ಇಪ್ಪತ್ತರ ವಯಸ್ಸಿನಲ್ಲಿ, ಮಕ್ಕಳು ನಮ್ಮಿಂದ ದೂರ ಕಾಲೇಜಿನ ವಸತಿಗೃಹದಲ್ಲಿರುವ ಕಾಲದಲ್ಲಿ. ಅಲ್ಲಿ ಖಿನ್ನತೆಯೆಂದು ಬಂದ ಹುಡುಗನಿಗೆ ವೈದ್ಯರು ಔಷಧ ಬರೆಯುವ ಮುನ್ನ "ಮನೆಯಲ್ಲಿ ಬೈಪೋಲಾರ್ ಯಾರಿಗಾದರೂ ಇತ್ತೇ?" ಎಂದು ಕೇಳುತ್ತಾರೆ. ಇದ್ದರೆ, ಖಿನ್ನತೆಯ ಮಾತ್ರೆಯನ್ನಷ್ಟೇ ಕೊಡುವುದು ಕೆಲವರಲ್ಲಿ ಉನ್ಮಾದವನ್ನು ಕೆರಳಿಸಬಹುದು. ಲಿಥಿಯಂನಿಂದ ಬಂಧುವೊಬ್ಬರು ಗುಣಮುಖರಾಗಿದ್ದರೆ ಅದೂ ಉಪಯುಕ್ತ ಸುಳಿವು. ಹುಡುಗ "ಯಾರಿಗೂ ಇಲ್ಲ" ಎನ್ನುತ್ತಾನೆ. ಅವನಿಗೆ ತಿಳಿದಿರುವುದು ಟೈಫಾಯ್ಡ್ ಮಾತ್ರ.

ಕಿರಿಯರಿಗೂ ಒಂದು ಮಾತು. ಹೊಸದಾಗಿ ರೋಗಗಳ ಹೆಸರು ಕಲಿತವನಿಗೆ ಎಲ್ಲವೂ ತನಗೇ ಇದ್ದಂತೆ ತೋರುತ್ತದೆ; ಎಂ.ಬಿ.ಬಿ.ಎಸ್. ಓದುವಾಗ ನಮಗೆಲ್ಲ ಕ್ಷಯದಿಂದ ಹಿಡಿದು ಮೆದುಳಿನ ಗೆಡ್ಡೆಯವರೆಗೆ ಸಕಲವೂ ಬಂದುಹೋಗಿತ್ತು. ಒಂದು ವರ್ಷದ ಪಾಠದ ಬಲದಿಂದ ಅಮ್ಮನಿಗೆ ಆತಂಕರೋಗ, ಅಜ್ಜನಿಗೆ ಗೀಳುರೋಗ ಎಂದು ಘೋಷಿಸಬೇಡಿ. ಅಜ್ಜ ಮಡಿ ಮಾಡುವುದು ರೋಗವಲ್ಲ. ಆದರೆ ನಿದ್ದೆ ಕೆಟ್ಟು, ಓದು ಬಿದ್ದು, ಬದುಕು ಬೇಡವೆನಿಸಿದರೆ ಅದನ್ನು ಪಠ್ಯದ ಭ್ರಮೆಯೆಂದು ತಳ್ಳಿಹಾಕಬೇಡಿ, ಹೇಳಿ. ತಂದೆತಾಯಿಯರೂ "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳಬಹುದು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. 2022ರಿಂದ ಈ ದೇಶದಲ್ಲೆಲ್ಲ 988 ಎಂಬ ಮೂರಂಕಿಯ ದೂರವಾಣಿ ಇದಕ್ಕೆಂದೇ ಹಗಲಿರುಳೂ ತೆರೆದಿದೆ.

ಬರುವ ಬೇಸಿಗೆಯಲ್ಲಿ ಊರಿಗೆ ಹೋಗುವವರು ಸೀರೆ, ಹಪ್ಪಳ, ಮೆಣಸಿನಪುಡಿಗಳ ಪಟ್ಟಿಯ ಜೊತೆಗೆ ಇನ್ನೊಂದು ಹಾಳೆಯನ್ನೂ ಇಟ್ಟುಕೊಳ್ಳಿ. ಯಾರಿಗೆ, ಎಷ್ಟನೆಯ ವಯಸ್ಸಿನಲ್ಲಿ, ಏನಾಯಿತು. ನಿಮ್ಹಾನ್ಸಿಗೋ ಬೇರೆ ಆಸ್ಪತ್ರೆಗೋ ಕರೆದೊಯ್ದಿದ್ದರೇ. ಯಾವ ಮಾತ್ರೆ ಹಿಡಿಸಿತು. ಕೊನೆಗೆ ಹೇಗೆ ತೀರಿಕೊಂಡರು. ಇದನ್ನೆಲ್ಲ ಬಲ್ಲ ಸೋದರತ್ತೆಯೋ ದೊಡ್ಡಮ್ಮನೋ ಸಾಮಾನ್ಯವಾಗಿ ಒಬ್ಬರೇ ಉಳಿದಿರುತ್ತಾರೆ, ಅವರಿಗೂ ಎಂಬತ್ತು ದಾಟಿರುತ್ತದೆ. ಮಧ್ಯಾಹ್ನ ಮನೆಯವರೆಲ್ಲ ಮಲಗಿದ ಹೊತ್ತಿನಲ್ಲಿ, ಹತ್ತಿರ ಕುಳಿತು, ಮೆಲ್ಲನೆ ಕೇಳಿ.