ವಿಷ ತಾಳುವ ಕ್ರಿಯಾವರ್ಧಕ: ಯಾವ ಬೂದಿಯಲ್ಲಿ, ಎಷ್ಟು ಕಾಲ?



ಹೊಗೆಯಿಂದ ಸಾರಜನಕದ ಆಕ್ಸೈಡುಗಳನ್ನು ತೆಗೆಯುವ ವಿದ್ಯೆ ಹೊಸದಲ್ಲ. ಹೊಗೆಗೆ ಅಮೋನಿಯಾ ಬೆರೆಸಿ, ವೆನೇಡಿಯಂ, ಟಂಗ್‌ಸ್ಟನ್, ಟೈಟಾನಿಯಂ ಆಕ್ಸೈಡುಗಳಿಂದಾದ ಕ್ರಿಯಾವರ್ಧಕದ ಮೂಲಕ 300ರಿಂದ 400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಾಯಿಸಿದರೆ ಅವು ಸಾರಜನಕ ಮತ್ತು ನೀರಾವಿಯಾಗುತ್ತವೆ. ಜಪಾನ್ 1970ರ ದಶಕದಲ್ಲೇ ಇದನ್ನು ಸ್ಥಾವರಗಳಿಗೆ ಅಳವಡಿಸಿತು. ಆದ್ದರಿಂದ ಹೊಸ ಪುಡಿಯೊಂದು ಪ್ರಯೋಗಾಲಯದ ಶುದ್ಧ ಅನಿಲದಲ್ಲಿ ಮೊದಲ ಗಂಟೆ ಶೇ. 90ರಷ್ಟು ಕೆಲಸ ಮಾಡಿತು ಎಂದರೆ ನನಗೆ ತೃಪ್ತಿಯಾಗುವುದಿಲ್ಲ. ಬೂದಿ ತುಂಬಿದ ಹೊಗೆಯಲ್ಲಿ ಅದು ಎಷ್ಟು ಕಾಲ ಬಾಳಿತು ಎಂಬುದನ್ನು ಕೇಳಬೇಕು.

1980ರ ದಶಕದಲ್ಲಿ ಜರ್ಮನಿ ಈ ಪಾಠವನ್ನು ದುಬಾರಿಯಾಗಿ ಕಲಿಯಿತು. ಅಲ್ಲಿನ ಕೆಲವು ಬಾಯ್ಲರುಗಳಲ್ಲಿ ಬೂದಿ ಕರಗಿ ಹರಿಯುತ್ತಿತ್ತು, ಹಿಡಿದ ಹಾರುಬೂದಿಯನ್ನು ಮತ್ತೆ ಕುಲುಮೆಗೇ ಕಳಿಸುತ್ತಿದ್ದರು. ಕಲ್ಲಿದ್ದಲಿನ ಆರ್ಸೆನಿಕ್ ಹೊರಹೋಗುವ ದಾರಿಯಿಲ್ಲದೆ ಹೊಗೆಯಲ್ಲಿ ಹೆಚ್ಚುತ್ತಾ ಹೋಗಿ ಕ್ರಿಯಾವರ್ಧಕದ ರಂಧ್ರಗಳಲ್ಲಿ ವಿಷವಾಗಿ ಕೂತಿತು. ಕಲ್ಲಿದ್ದಲಿಗೆ ಸುಣ್ಣಕಲ್ಲು ಬೆರೆಸಿ, ಕ್ಯಾಲ್ಸಿಯಂ ಆರ್ಸೆನಿಕ್ಕನ್ನು ಕುಲುಮೆಯಲ್ಲೇ ಹಿಡಿಯುವಂತೆ ಮಾಡಿದರು. ಮಾಲಿಬ್ಡಿನಂ ಸೇರಿಸಿದ ಕ್ರಿಯಾವರ್ಧಕವೂ ಆರ್ಸೆನಿಕ್ಕನ್ನು ಚೆನ್ನಾಗಿ ತಾಳಿತು. ಆದರೆ ಸುಣ್ಣ ಅತಿಯಾದರೆ ಕ್ಯಾಲ್ಸಿಯಂ ಸಲ್ಫೇಟ್ ಮೇಲ್ಮೈಯನ್ನೇ ಮುಚ್ಚುತ್ತದೆ.

ನಮಗೆ ಇನ್ನೂ ಹತ್ತಿರದ ವಿಷ ಪೊಟ್ಯಾಸಿಯಂ. ಅಮೋನಿಯಾ ಬಂದು ಕೂರಬೇಕಾದ ಆಮ್ಲೀಯ ತಾಣಗಳಲ್ಲಿ ಪೊಟ್ಯಾಸಿಯಂ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ, ಮೊದಲೇ ಜಾಗ ಹಿಡಿಯುತ್ತದೆ. ಡೆನ್ಮಾರ್ಕಿನಲ್ಲಿ ಹುಲ್ಲು ಉರಿಸುವ ಸ್ಥಾವರವೊಂದರಲ್ಲಿ ಕ್ರಿಯಾವರ್ಧಕವನ್ನು ಇಟ್ಟು ನೋಡಿದಾಗ ದಿನಕ್ಕೆ ಸುಮಾರು ಶೇ. 1ರಷ್ಟು ಶಕ್ತಿ ಕುಂದಿತ್ತು. ಕೆಲವೇ ತಿಂಗಳ ಆಯುಷ್ಯ!

ಇದು ದೂರದ ಮಾತಲ್ಲ. ಭತ್ತದ ಹುಲ್ಲಿನಲ್ಲಿ ಪೊಟ್ಯಾಸಿಯಮ್ಮೂ ಕ್ಲೋರಿನ್ನೂ ಧಾರಾಳ. ಕಲ್ಲಿದ್ದಲಿನ ಜೊತೆ ಶೇ. 5ರಷ್ಟು ಕೃಷಿ ತ್ಯಾಜ್ಯದ ಪೆಲೆಟ್ ಉರಿಸಬೇಕೆಂದು ಕೇಂದ್ರ ಇಂಧನ ಸಚಿವಾಲಯ 2021ರ ನೀತಿಯಲ್ಲಿ ಹೇಳಿತು. ಗದ್ದೆಯಲ್ಲಿ ಹುಲ್ಲು ಸುಡುವುದು ತಪ್ಪಲಿ ಎಂಬ ಆ ಆಶಯವನ್ನು ನಾನು ಮನಸಾರೆ ಒಪ್ಪುತ್ತೇನೆ. ಸಿಂಧನೂರು, ಗಂಗಾವತಿಗಳ ಭತ್ತದ ಸೀಮೆ, ಶಕ್ತಿನಗರದ ರಾಯಚೂರು ಸ್ಥಾವರ, ಕುಡತಿನಿಯ ಬಳ್ಳಾರಿ ಸ್ಥಾವರ ಎಲ್ಲವೂ ಒಂದೇ ಬಯಲಿನಲ್ಲಿವೆ. ಹುಲ್ಲು ಬಾಯ್ಲರಿಗೆ ಬಂದರೆ ಪೊಟ್ಯಾಸಿಯಮ್ಮೂ ಬರುತ್ತದೆ. ಬೆರಕೆ ಕಡಿಮೆಯಿದ್ದಾಗ ಕಲ್ಲಿದ್ದಲಿನ ಬೂದಿಯೇ ಅದರಲ್ಲಿ ಬಹುಪಾಲನ್ನು ಹಿಡಿದುಕೊಳ್ಳುತ್ತದೆ, ನಿಜ. ಆದರೆ ನಮ್ಮ ಕಲ್ಲಿದ್ದಲಿನಲ್ಲಿ ಆ ಬೂದಿಯೇ ಶೇ. 30ರಿಂದ 45. ಸಿಲಿಕಾ ತುಂಬಿದ ಆ ಬೂದಿ ಕ್ರಿಯಾವರ್ಧಕದ ಗೋಡೆಗಳನ್ನು ಉಜ್ಜಿ ಸವೆಸುತ್ತದೆ. ವಿಷವೂ ಸವೆತವೂ ಕೂಡಿದಾಗ ಏನಾಗುತ್ತದೆ ಎಂಬುದನ್ನು ಇಲ್ಲಿಯೇ, ಈ ಹೊಗೆಯಲ್ಲಿಯೇ ಅಳೆಯಬೇಕು.

ಸಾರಜನಕದ ಆಕ್ಸೈಡುಗಳ ಬಗ್ಗೆ ಕೇಂದ್ರ ಸರ್ಕಾರದ 2015ರ ಡಿಸೆಂಬರಿನ ಅಧಿಸೂಚನೆ, 2017ರಿಂದ ಈಚಿನ ಘಟಕಗಳಿಗೆ ಘನ ಮೀಟರಿಗೆ 100 ಮಿಲಿಗ್ರಾಂ ಮಿತಿ ಹಾಕಿತು. 2004ರಿಂದ 2016ರ ನಡುವಿನ ಘಟಕಗಳಿಗೆ ಇದ್ದ 300ರ ಮಿತಿ ಆಮೇಲೆ 450ಕ್ಕೆ ಸಡಿಲವಾಯಿತು. ನಮ್ಮ ಬೂದಿಯನ್ನು ತಾಳುವ ಕ್ರಿಯಾವರ್ಧಕ ಕೈಯಲ್ಲಿದ್ದಿದ್ದರೆ ಆ ಸಡಿಲಿಕೆಯ ವಾದಕ್ಕೆ ಇಷ್ಟು ಬಲ ಬರುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಈ ಆಕ್ಸೈಡುಗಳೇ ಗಾಳಿಯಲ್ಲಿ ಓಝೋನ್ ಹುಟ್ಟಿಸಿ, ನೈಟ್ರೇಟಿನ ಸೂಕ್ಷ್ಮ ಕಣವಾಗಿ ಜನರ ಶ್ವಾಸಕೋಶ ಸೇರುತ್ತವೆ.

ದಾರಿಗಳು ಕಾಣುತ್ತಿವೆ. ಷಟ್ಕೋನಾಕಾರದ ಟಂಗ್‌ಸ್ಟನ್ ಆಕ್ಸೈಡಿನ ಸುರಂಗಗಳೊಳಗೆ ಪೊಟ್ಯಾಸಿಯಮ್ಮನ್ನು ಸೆರೆಹಿಡಿದು ಕ್ರಿಯಾತಾಣಗಳನ್ನು ಮುಕ್ತವಾಗಿಡುವ ಉಪಾಯ ನನಗೆ ಬಹಳ ಮೆಚ್ಚಿಗೆಯಾದದ್ದು. ಸಲ್ಫೇಟು ಸೇರಿಸಿದ ಜಿರ್ಕೋನಿಯಾದಂಥ ಬಲವಾದ ಆಮ್ಲೀಯ ಆಧಾರಗಳೂ ಇವೆ. ವೆನೇಡಿಯಂ ಹೆಚ್ಚಿಸಿದರೂ ತಾಳಿಕೆ ಹೆಚ್ಚುತ್ತದೆ. ಆದರೆ ಆಗ ಗಂಧಕದ ಡೈಆಕ್ಸೈಡು ಟ್ರೈಆಕ್ಸೈಡಾಗುವುದೂ ಹೆಚ್ಚುತ್ತದೆ. ಅದು ಉಳಿದ ಅಮೋನಿಯಾದೊಡನೆ ಸೇರಿ ಅಂಟಾದ ಅಮೋನಿಯಂ ಬೈಸಲ್ಫೇಟಾಗಿ, ಮುಂದಿನ ಗಾಳಿ ಕಾಯಿಸುವ ಯಂತ್ರದಲ್ಲಿ ಕಟ್ಟಿಕೊಳ್ಳುತ್ತದೆ. ಈ ಹಗ್ಗಜಗ್ಗಾಟವನ್ನು ಬಿಡಿಸುವುದೇ ನಮ್ಮ ಕೆಲಸ.

ಇಲ್ಲಿ ಪ್ರಬಂಧ ಮಂಡಿಸುವವರಲ್ಲಿ ನನ್ನ ವಿನಂತಿ ಇಷ್ಟು. ಪರಿವರ್ತನೆಯ ಅಂಕಿಯ ಪಕ್ಕದಲ್ಲಿ ಎಷ್ಟು ಗಂಟೆ, ಯಾವ ಬೂದಿ, ಎಷ್ಟು ಪೊಟ್ಯಾಸಿಯಂ, ಕ್ರಿಯಾವರ್ಧಕವನ್ನು ನೀರಿನಲ್ಲಿ ತೊಳೆದ ಮೇಲೆ ಎಷ್ಟು ಶಕ್ತಿ ಮರಳಿತು ಎಂಬುದನ್ನೂ ಕೊಡಿ. ಸ್ಥಾವರಗಳ ಎಂಜಿನಿಯರುಗಳು ತಮ್ಮ ಚಿಮಣಿಗೆ ಹೋಗುವ ಹೊಗೆಯ ಒಂದು ಸಣ್ಣ ಕವಲನ್ನು ಈ ಪರೀಕ್ಷೆಗಳಿಗಾಗಿ ಬಿಟ್ಟುಕೊಡಲು ಒಪ್ಪಿದರೆ, ಎರಡು ದಿನಗಳ ಈ ಚರ್ಚೆಯಲ್ಲೇ ಅದರ ಯೋಜನೆ ಬರೆದು ಮುಗಿಸಬಹುದು.