ಕಡ್ಲೇಬೀಜದ ಸೀಮೆಗೆ ಹೊರಟ ವೈದ್ಯರಿಗೆ

ಇಂದು ಪದವಿ ಪಡೆದ ಯುವ ವೈದ್ಯರೇ,

ನಿಮ್ಮಲ್ಲಿ ಕೆಲವರು ಇಷ್ಟರಲ್ಲೇ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಆಸ್ಪತ್ರೆಗಳಲ್ಲಿ ಹೊರರೋಗಿಗಳನ್ನು ನೋಡುತ್ತಾ ಕೂರುತ್ತೀರಿ. ಈ ನಾಲ್ಕು ತಾಲ್ಲೂಕುಗಳ ಕಿವಿ, ಮೂಗು, ಗಂಟಲುಗಳನ್ನೇ ನೋಡುತ್ತಾ ನನ್ನ ವೃತ್ತಿಜೀವನ ಕಳೆದಿದೆ. ಪುಸ್ತಕಗಳು ಅಪರೂಪ ಎನ್ನುವ ಕಾಯಿಲೆಗಳು ಇಲ್ಲಿ ನಮ್ಮ ಕಣ್ಣು ತಪ್ಪಿಸುವುದಕ್ಕೆ ಯಂತ್ರಗಳಿಲ್ಲದ್ದು ಮುಖ್ಯ ಕಾರಣವೆಂದು ನನಗೆ ಅನ್ನಿಸಿಲ್ಲ. ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ನಾವು ಕೇಳದೆ ಬಿಟ್ಟಿರುತ್ತೇವೆ.

ಕಡ್ಲೇಬೀಜದಿಂದಲೇ ಶುರುಮಾಡುತ್ತೇನೆ. ಪಾವಗಡ, ಶಿರಾ, ಮಧುಗಿರಿಯ ಒಣಭೂಮಿಯ ಬೆಳೆ ಅದು. ಕಾಯಿ ಕಿತ್ತು ಮನೆಮುಂದೆ ರಾಶಿ ಹಾಕಿ ಬಿಡಿಸುವ ದಿನಗಳಲ್ಲಿ ದೊಡ್ಡವರ ಮಡಿಲಲ್ಲೇ ಕೂಸುಗಳೂ ಕೂತಿರುತ್ತವೆ. ಒಂದೂವರೆ ವರ್ಷದ ಮಗುವಿಗೆ ಮುಂದಿನ ಹಲ್ಲು ಬಂದಿರುತ್ತದೆ, ಅಗಿಯುವ ದವಡೆಹಲ್ಲು ಪೂರ್ತಿ ಬಂದಿರುವುದಿಲ್ಲ. ಬೀಜವನ್ನು ಕಚ್ಚುತ್ತದೆ, ಅರೆಯಲಾರದು. ನಗುವಾಗಲೋ ಅಳುವಾಗಲೋ ಚೂರೊಂದು ಶ್ವಾಸನಾಳಕ್ಕೆ ಇಳಿಯುತ್ತದೆ. ಮಗು ಒಮ್ಮೆಲೇ ಕೆಮ್ಮಿ, ಉಸಿರು ಕಟ್ಟಿ, ಮುಖ ನೀಲಿಗಟ್ಟಿ, ಆಮೇಲೆ ತಾನಾಗಿ ಸುಧಾರಿಸಿಕೊಳ್ಳುತ್ತದೆ. ಮನೆಯವರು ನೆತ್ತಿಗೇರಿತು ಎಂದುಕೊಂಡು ಮರೆಯುತ್ತಾರೆ. ರೋಗ ನಮಗೆ ಮೋಸ ಮಾಡುವುದು ಈ ನೆಮ್ಮದಿಯ ಅವಧಿಯಲ್ಲೇ.

ಕೆಲವು ದಿನ ಕಳೆದು ಕೆಮ್ಮು, ಜ್ವರ, ಉಬ್ಬಸ ಬರುತ್ತವೆ. ಸಿರಪ್ಪು, ಆಂಟಿಬಯಾಟಿಕ್, ನೆಬ್ಯುಲೈಸರ್ ಎಲ್ಲ ಆಗುತ್ತದೆ. ಎದೆಯ ಎಕ್ಸ್‌ರೇಯಲ್ಲಿ ಬೀಜ ಕಾಣುವುದಿಲ್ಲ, ಏಕೆಂದರೆ ಕಡ್ಲೇಬೀಜ ಎಕ್ಸ್‌ರೇಗೆ ನೆರಳು ಕೊಡುವ ವಸ್ತುವಲ್ಲ. ಬೀಜ ಒಳಗೆ ತೇವಕ್ಕೆ ಉಬ್ಬುತ್ತದೆ, ಅದರ ಎಣ್ಣೆ ಸುತ್ತಲ ಪೊರೆಯನ್ನು ಕೆರಳಿಸಿ ಊದಿಸುತ್ತದೆ. ಸೈಕಲ್ ಟ್ಯೂಬಿನ ವಾಲ್ವಿನಂತೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಆದ್ದರಿಂದ ಉಸಿರು ಬಿಟ್ಟ ಹೊತ್ತಿನಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಒಂದು ಕಡೆಯ ಶ್ವಾಸಕೋಶ ಉಬ್ಬಿಕೊಂಡೇ ಇರುತ್ತದೆ, ಹೃದಯ ಇನ್ನೊಂದು ಬದಿಗೆ ಸರಿದಿರುತ್ತದೆ. ಸ್ಟೆತಸ್ಕೋಪಿನಲ್ಲಿ ಆ ಬದಿಯ ಉಸಿರಿನ ಸದ್ದು ಕಡಿಮೆ. ಆದರೆ ಚಿತ್ರವೂ ಸದ್ದೂ ಸರಿಯಾಗಿಯೇ ಇದ್ದು ಒಳಗೆ ಬೀಜ ಇರಬಹುದು. ಆಗ ಉಳಿಯುವುದು ತಾಯಿಯ ಮಾತೊಂದೇ. "ಅಮ್ಮಾ, ಮಗು ಏನಾದರೂ ತಿನ್ನುತ್ತಾ ಇದ್ದಾಗ ಒಂದೇ ಸಲಕ್ಕೆ ಕೆಮ್ಮಿ ಉಸಿರು ಕಟ್ಟಿತ್ತಾ?" ಎಂದು ಕೇಳಿ. ಪಾವಗಡದಲ್ಲಿ ಆಕೆಗೆ ತೆಲುಗು ಹತ್ತಿರವಾದರೆ ತೆಲುಗಿನಲ್ಲೇ ಕೇಳಿ. ಅಮ್ಮ ನೋಡಿರದಿದ್ದರೆ ಅಜ್ಜಿಯನ್ನು, ಜೊತೆಗೆ ಆಡುತ್ತಿದ್ದ ಅಕ್ಕನನ್ನು ಕೇಳಿ. ಹೌದೆಂಬ ಉತ್ತರ ಬಂದರೆ ಕಾಯಬೇಡಿ. ಮಗುವನ್ನು ಕೂರಿಸಿಕೊಂಡೇ, ಆಮ್ಲಜನಕ ಕೊಟ್ಟುಕೊಂಡೇ, ಮಕ್ಕಳ ಬ್ರಾಂಕೋಸ್ಕೋಪಿ ಮಾಡುವ ಕಡೆಗೆ ಕಳಿಸಿ. ಪಾವಗಡದಿಂದ ತುಮಕೂರಿಗೇ ಸುಮಾರು 100 ಕಿಲೋಮೀಟರ್, ಬೆಂಗಳೂರು ಇನ್ನೂ ಮುಂದೆ. ಹೊರಡಿಸುವ ಮೊದಲು ಫೋನ್ ಮಾಡಿ, ಎಲ್ಲವನ್ನೂ ಸಿದ್ಧವಿಡಲು ಹೇಳಿ.

ಬ್ರಾಂಕೋಸ್ಕೋಪಿ ಹೊಸ ವಿದ್ಯೆಯಲ್ಲ. ಜರ್ಮನಿಯ ಗುಸ್ತಾವ್ ಕಿಲಿಯನ್ 1897ರಲ್ಲಿ ರೈತನೊಬ್ಬನ ಶ್ವಾಸನಾಳದಿಂದ ಮೂಳೆಯ ಚೂರನ್ನು ಕೊಳವೆ ಇಳಿಸಿ ತೆಗೆದರು. ಅಮೆರಿಕದ ಷೆವಲಿಯರ್ ಜ್ಯಾಕ್ಸನ್ ತಾವು ಹೊರತೆಗೆದ ಎರಡು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಕೂಡಿಟ್ಟರು, ಅವು ಇಂದಿಗೂ ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಮ್ಮಿನಲ್ಲಿವೆ. ವಿದ್ಯೆ ಬಂದು ನೂರು ವರ್ಷ ದಾಟಿದೆ. ಇನ್ನೂ ನಮ್ಮ ಹಳ್ಳಿಯ ಮಗುವೊಂದು ವಾರಗಟ್ಟಲೆ ಉಬ್ಬಸದ ಔಷಧಿ ಕುಡಿಯುತ್ತಿದ್ದರೆ ಅದನ್ನು ನಾವು ಒಪ್ಪಬಾರದು.

ಇನ್ನು ಮೂಗು. ಮಗುವಿನ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬಂದರೆ ಒಳಗೆ ಏನೋ ಸಿಕ್ಕಿದೆ ಎಂದೇ ತಿಳಿಯಿರಿ. ಹುಣಸೆಬೀಜವಾದರೆ ನಾಳೆ ತೆಗೆಯಬಹುದು, ಗೊಂಬೆಯಲ್ಲಿರುವ ಗುಂಡಿಯಂಥ ಬ್ಯಾಟರಿಯಾದರೆ ಈಗಲೇ ತೆಗೆಯಬೇಕು. ಕೆಲವೇ ಗಂಟೆಗಳಲ್ಲಿ ಅದು ಮೂಗಿನ ನಡುಗೋಡೆಯನ್ನು ಸುಟ್ಟು ತೂತು ಮಾಡುತ್ತದೆ.

ಕೆರೆಕಟ್ಟೆಯಲ್ಲಿ ದನ ತೊಳೆದು ಈಜುವ ಹುಡುಗನ ಮೂಗಿನಲ್ಲಿ, ಮುಟ್ಟಿದರೆ ರಕ್ತ ಸುರಿಸುವ, ಮೇಲೆಲ್ಲ ಬಿಳಿ ಚುಕ್ಕೆಗಳಿರುವ ಕೆಂಪು ಗೆಡ್ಡೆ ಕಂಡರೆ ಅದನ್ನು ಸಾಮಾನ್ಯ ಪಾಲಿಪ್ ಎಂದು ಎಳೆಯಬೇಡಿ. ರೈನೋಸ್ಪೊರಿಡಿಯೋಸಿಸ್ ಇರಬಹುದು. 1900ರಲ್ಲಿ ಸೀಬರ್ ಎಂಬವರು ಇದನ್ನು ವರ್ಣಿಸಿದ್ದು ದೂರದ ಬ್ಯೂನಸ್ ಐರಿಸ್‌ನಲ್ಲಿ, ಆದರೆ ಹೆಚ್ಚಾಗಿ ಕಾಣುವುದು ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ. ಗೆಡ್ಡೆಯನ್ನು ಕತ್ತರಿಸಿ ಬುಡವನ್ನು ಸುಡಬೇಕು, ಮರಳಿ ಬರದಂತೆ ಡ್ಯಾಪ್ಸೋನ್ ಕೊಡುವುದುಂಟು. ಅವನು ಎಲ್ಲಿ ಈಜುತ್ತಾನೆಂಬ ಪ್ರಶ್ನೆಯೇ ಇಲ್ಲಿ ರೋಗನಿದಾನದ ಮೊದಲ ಹೆಜ್ಜೆ. 2021ರ ಕಪ್ಪು ಶಿಲೀಂಧ್ರವನ್ನು ನೀವು ಬಲ್ಲಿರಿ. ಅದು ಕೋವಿಡ್‌ನೊಂದಿಗೆ ಹೋಗಿಬಿಟ್ಟಿಲ್ಲ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರು ಕೆನ್ನೆ ಜೋಮುಹಿಡಿದಿದೆ, ಮೇಲಿನ ಹಲ್ಲು ಅಲುಗಾಡುತ್ತಿದೆ ಎಂದರೆ ಅದೇ ದಿನ ಮೂಗಿನೊಳಗೆ ನೋಡಿ.

ಕೊನೆಗೆ ಕಿವಿ. ನಮ್ಮ ಕಡೆ ಅಕ್ಕನ ಮಗಳನ್ನು, ಅತ್ತೆ ಮಾವಂದಿರ ಮಕ್ಕಳನ್ನು ಮದುವೆಯಾಗಿ ತಂದುಕೊಳ್ಳುವುದು ಹಳೆಯ ರೂಢಿ. ತಂದೆತಾಯಿ ಇಬ್ಬರಲ್ಲೂ ಒಂದೇ ದೋಷದ ವಂಶವಾಹಿ ಅಡಗಿದ್ದರೆ ಮಗು ಹುಟ್ಟು ಕಿವುಡಾಗುವ ಸಂಭವ ಹೆಚ್ಚು. ಗಂಡ ಹೆಂಡತಿ ಸಂಬಂಧಿಕರೇ ಎಂದು ಕೇಳಿ, ಆದರೆ ಆರೋಪದ ದನಿಯಲ್ಲಿ ಕೇಳಬೇಡಿ, ಆ ತಾಯಿ ಆಗಲೇ ಮನೆಯಲ್ಲಿ ಸಾಕಷ್ಟು ಕೇಳಿಸಿಕೊಂಡಿರುತ್ತಾಳೆ. "ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಎಂಬ ಸಮಾಧಾನಕ್ಕೆ ತಲೆಯಾಡಿಸಬೇಡಿ. ಹುಟ್ಟಿದ ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಮೂರರೊಳಗೆ ಖಚಿತ ನಿದಾನ, ಆರರೊಳಗೆ ಶ್ರವಣಸಾಧನ. ಮಾತು ಕಲಿಯುವ ಮಿದುಳು ಅದಕ್ಕಿಂತ ಹೆಚ್ಚು ಕಾಯುವುದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಕಿವುಡೂ ಸೇರಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ದಾರಿಗಳಿವೆ, ತೋರಿಸುವವರು ನೀವಾಗಬೇಕು.

ರಾತ್ರಿ ಚೆನ್ನಾಗಿದ್ದ ಕಿವಿ ಬೆಳಗ್ಗೆ ಕೇಳಿಸುತ್ತಿಲ್ಲ ಎಂದು ಬಂದವರಿಗೆ ಗುಗ್ಗೆ ಎಂದು ಹನಿ ಔಷಧಿ ಬರೆದು ಕಳಿಸಬೇಡಿ. 512 ಹರ್ಟ್ಸಿನ ಶ್ರುತಿಕವಲನ್ನು ಮೀಟಿ ಹಣೆಯ ಮೇಲಿಡಿ. ಸದ್ದು ಚೆನ್ನಾಗಿರುವ ಕಿವಿಯ ಕಡೆಗೆ ವಾಲಿದರೆ ನರದ ದೋಷವೆಂದು ತಿಳಿದು ತಡಮಾಡದೆ ಸ್ಟೀರಾಯ್ಡ್ ಚಿಕಿತ್ಸೆಗೆ ವ್ಯವಸ್ಥೆ ಮಾಡಿ. ಎರಡು ವಾರ ಕಳೆದರೆ ಫಲ ಬಹಳ ಕಡಿಮೆಯಾಗುತ್ತದೆ.

ಯುವ ಮಿತ್ರರೇ, ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವುದಕ್ಕೆ ನಿಯೋಜನೆಯಾದರೂ ನಿಮ್ಮ ಮೇಜಿನ ಮೇಲೆ ಒಂದು ಶ್ರುತಿಕವಲು, ಮೂಗು ನೋಡುವ ಒಂದು ಒಳ್ಳೆಯ ದೀಪ, ಬ್ರಾಂಕೋಸ್ಕೋಪಿ ಮಾಡುವ ಆಸ್ಪತ್ರೆಯ ಫೋನ್ ಸಂಖ್ಯೆ ಇರಲಿ. ಈ ಸುಗ್ಗಿ ಬರುವ ಮೊದಲೇ ನಿಮ್ಮ ಊರಿನ ಆಶಾ ಕಾರ್ಯಕರ್ತೆಯರನ್ನೂ ಅಂಗನವಾಡಿ ಶಿಕ್ಷಕಿಯರನ್ನೂ ಕರೆದು, ಪುಟ್ಟ ಮಕ್ಕಳ ಕೈಗೆ ಇಡೀ ಕಡ್ಲೇಬೀಜ ಕೊಡಬಾರದೆಂದು ಪ್ರತಿ ಮನೆಗೂ ತಿಳಿಸಲು ಹೇಳಿ.